ಹದಿನಾಲ್ಕು ಸಿಮ್, ಮೂರೇ ಅನಿಯಮಿತ ಪ್ಲಾನ್: ನನ್ನ ಅನುಭವ

ನಮ್ಮದು ಕಟ್ಟಡಗಳ ಪರಿಶೀಲನೆ ಮಾಡುವ ಚಿಕ್ಕ ಸಂಸ್ಥೆ. ಸಂಸ್ಥೆಯ ಹೆಸರಿನಲ್ಲಿ ಹದಿನಾಲ್ಕು ಮೊಬೈಲ್ ಸಂಪರ್ಕಗಳಿವೆ, ಅವುಗಳ ಬಿಲ್ ನೋಡಿಕೊಳ್ಳುವ ಹೊಣೆ ನನ್ನದು. ಮೊದಲು ಹದಿನಾಲ್ಕಕ್ಕೂ ಅನಿಯಮಿತ ಡೇಟಾ ಪ್ಲಾನ್ ಇತ್ತು. ಬಹುಪಾಲು ಜನರನ್ನು ತಿಂಗಳಿಗೆ ಇಷ್ಟೇ ಜಿಬಿ ಎಂಬ ಮಿತಿಯಿರುವ ಹಂತದ ಪ್ಲಾನ್‌ಗಳಿಗೆ ಇಳಿಸೋಣವೆಂದು ನಾನು ಸಲಹೆ ಕೊಟ್ಟಾಗ ಸಹೋದ್ಯೋಗಿಗಳಲ್ಲಿ ಒಬ್ಬರೂ ಒಪ್ಪಲಿಲ್ಲ. ಲೆಕ್ಕಪತ್ರ ನೋಡುವ ಹಿರಿಯರಂತೂ, "ನೀವು ಉಳಿಸಲು ಹೋಗಿ ದಂಡ ಕಟ್ಟಿಸುತ್ತೀರಿ, ನೋಡುತ್ತಿರಿ" ಎಂದರು. ಮೊದಲ ತಿಂಗಳು ಅವರ ಮಾತೇ ನಿಜವಾಯಿತು. ಆದರೂ ಬಿಡದೆ ಲೆಕ್ಕ ತಿದ್ದಿಕೊಂಡೆ. ಹಳೆಯ ತಿಂಗಳ ಬಿಲ್ಲನ್ನು ನೂರು ಎಂದಿಟ್ಟುಕೊಂಡರೆ ಈಗ ಹನ್ನೊಂದು ತಿಂಗಳಿಂದ ಅದು ಐವತ್ತೆಂಟರಿಂದ ಅರವತ್ತೊಂದರ ನಡುವೆ ನಿಂತಿದೆ, ಮತ್ತು ಡೇಟಾ ಮುಗಿದುದರಿಂದ ಯಾರ ಕೆಲಸವೂ ನಿಂತಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೇ ಇದೆ.

ಮೊದಲ ಸೋಲು ಸರಾಸರಿಯಿಂದ ಬಂತು. ಹದಿನಾಲ್ಕು ಸಂಪರ್ಕಗಳ ಒಟ್ಟು ಬಳಕೆ ತಿಂಗಳಿಗೆ ಸುಮಾರು 190 ಜಿಬಿ. ಭಾಗಿಸಿದರೆ ತಲೆಗೆ ಹದಿಮೂರೂವರೆ. ಹಾಗಾಗಿ ಎಲ್ಲರಿಗೂ 15 ಜಿಬಿಯ ಪ್ಲಾನ್ ಕೊಟ್ಟರೆ ಸಾಕು, ಸ್ವಲ್ಪ ಮಿಗುತ್ತದೆ ಎಂದು ನಂಬಿ ಒಂದೇ ದಿನ ಎಲ್ಲವನ್ನೂ ಬದಲಿಸಿಬಿಟ್ಟೆ. ತಿಂಗಳ ಕೊನೆಗೆ ಬಂದ ಬಿಲ್ ನೂರಕ್ಕೆ ನೂರಮೂವತ್ತೇಳು! ಪ್ಲಾನ್‌ಗಳ ತಿಂಗಳ ಬಾಡಿಗೆ ಅರವತ್ತೆರಡಕ್ಕೆ ಇಳಿದಿತ್ತು ನಿಜ, ಆದರೆ ಮಿತಿ ಮೀರಿದ ಬಳಕೆಗೆ ಹಾಕಿದ ಹೆಚ್ಚುವರಿ ದರವೇ ಎಪ್ಪತ್ತೈದರಷ್ಟಾಗಿತ್ತು. ಮೂರು ಸಂಪರ್ಕಗಳು ಕ್ರಮವಾಗಿ 52, 41 ಮತ್ತು 33 ಜಿಬಿ ನುಂಗಿದ್ದವು, ಇನ್ನೊಂದು 17 ಜಿಬಿ ಬಳಸಿತ್ತು, ಉಳಿದ ಹತ್ತು ಮಂದಿ ಸೇರಿ ಐವತ್ತು ಜಿಬಿಯನ್ನೂ ಮುಟ್ಟಿರಲಿಲ್ಲ. ಅಂದರೆ ಹತ್ತು ಮಂದಿಗೆ ನಾನು ಬೇಡದ ಡೇಟಾ ಕೊಂಡಿದ್ದೆ, ಬೇಕಾದ ನಾಲ್ವರಿಗೆ ಕೊಟ್ಟಿರಲಿಲ್ಲ. ಕೆಲವೇ ಜನರ ಭಾರೀ ಬಳಕೆ ಸೇರಿಕೊಂಡಿರುವ ಕಡೆ ಸರಾಸರಿಯಿಂದ ಯಾರೊಬ್ಬರ ಅಗತ್ಯವೂ ತಿಳಿಯುವುದಿಲ್ಲವೆಂಬುದು ನನಗೆ ಮೊದಲೇ ಹೊಳೆಯಬೇಕಿತ್ತು.

ಮರುತಿಂಗಳೇ ನಾಲ್ವರನ್ನೂ ಅನಿಯಮಿತ ಪ್ಲಾನ್‌ಗೆ ಮರಳಿಸಿ, ಉಳಿದ ಹತ್ತು ಮಂದಿಯನ್ನು 5 ಜಿಬಿಗೆ ಇಳಿಸಿದೆ. ಅದೂ ಪೂರ್ತಿ ಸರಿಹೋಗಲಿಲ್ಲ. ಹತ್ತರಲ್ಲಿ ಐವರು ಮಿತಿ ಮೀರಿದರು, ಅದರಲ್ಲಿ ಇಬ್ಬರ ಬಳಕೆ ಹಿಂದೆಂದೂ 4 ಜಿಬಿ ದಾಟಿರಲಿಲ್ಲ. ಆ ಇಬ್ಬರ ಫೋನನ್ನು ಕೈಗೆ ತೆಗೆದುಕೊಂಡು ಆ್ಯಪ್‌ವಾರು ಬಳಕೆಯನ್ನು ನೋಡಿದ ಮೇಲೆಯೇ ಕಾರಣ ತಿಳಿದದ್ದು. ಒಬ್ಬರ ಫೋನ್ ಹೊಸದು, ಚಿತ್ರಗಳ ಬ್ಯಾಕಪ್ಪಿಗೆ ಮೊಬೈಲ್ ಡೇಟಾ ಬಳಸಲು ಅನುಮತಿ ಕೊಟ್ಟಿದ್ದರು, ಹಳೆಯ ಫೋನಿನ ಚಿತ್ರಗಳೆಲ್ಲ ಒಂದೇ ವಾರದಲ್ಲಿ ಮೇಲೇರಿದ್ದವು. ಇನ್ನೊಬ್ಬರದು ಐಫೋನ್. ಅದರಲ್ಲಿ 2015ರಲ್ಲಿ ಬಂದ ಐಒಎಸ್ 9ರಿಂದಲೂ ವೈಫೈ ಅಸಿಸ್ಟ್ ಎಂಬ ಸೌಲಭ್ಯವಿದ್ದು, ವೈಫೈ ದುರ್ಬಲವಾದಾಗ ಅದು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಬದಲಾಗುತ್ತದೆ. ಅವರು ಕೂರುವ ಮೂಲೆಗೆ ಕಚೇರಿಯ ವೈಫೈ ಸರಿಯಾಗಿ ತಲುಪುತ್ತಿರಲಿಲ್ಲ. ವೈಫೈಯಲ್ಲೇ ಇದ್ದೇನೆಂದುಕೊಂಡು ಅವರು ತಿಂಗಳಿಗೆ ಎರಡು ಜಿಬಿಗೂ ಹೆಚ್ಚು ಮೊಬೈಲ್ ಡೇಟಾ ಕಳೆಯುತ್ತಿದ್ದರು.

ಆದರೆ ಎಲ್ಲಕ್ಕಿಂತ ದುಬಾರಿಯಾದದ್ದು ಲ್ಯಾಪ್‌ಟಾಪ್. ಕಟ್ಟಡದ ಸ್ಥಳದಲ್ಲಿ ನಮ್ಮವರು ಫೋನಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪಿನಿಂದ ವರದಿ ಕಳುಹಿಸುತ್ತಾರೆ. ಲ್ಯಾಪ್‌ಟಾಪಿಗೆ ಅದು ಬರೀ ವೈಫೈ. ಹಾಗಾಗಿ ವಿಂಡೋಸ್ ತನ್ನ ಅಪ್‌ಡೇಟನ್ನೂ ಕಡತಗಳ ಸಿಂಕನ್ನೂ ಧಾರಾಳವಾಗಿ ನಡೆಸುತ್ತದೆ. ಒಬ್ಬರಿಗೆ ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಜಿಬಿ ಹೋಯಿತು, ಅವರು ಕಳುಹಿಸಿದ್ದ ವರದಿ 12 ಎಂಬಿ. ಪ್ರತಿ ಲ್ಯಾಪ್‌ಟಾಪಿನಲ್ಲೂ ಆಯಾ ಹಾಟ್‌ಸ್ಪಾಟನ್ನು ಮೀಟರ್ಡ್, ಅಂದರೆ ಡೇಟಾ ಅಳೆದು ಬಳಸಬೇಕಾದ ಸಂಪರ್ಕವೆಂದು ಗುರುತಿಸಿಟ್ಟ ಮೇಲೆ ಈ ಸೋರಿಕೆ ಬಹುಮಟ್ಟಿಗೆ ನಿಂತಿತು. ಫೋನಿನ ಹೆಸರು ಬದಲಿಸಿದರೆ ಅಥವಾ ಫೋನೇ ಬದಲಾದರೆ ಲ್ಯಾಪ್‌ಟಾಪ್ ಅದನ್ನು ಹೊಸ ಸಂಪರ್ಕವೆಂದು ತಿಳಿಯುತ್ತದೆ ಮತ್ತು ಗುರುತು ಹೋಗಿಬಿಡುತ್ತದೆ ಎಂಬುದನ್ನು ಇನ್ನೊಂದು ಮೂರು ಜಿಬಿ ಕಳೆದುಕೊಂಡು ಕಲಿತೆ. ಆಂಡ್ರಾಯ್ಡ್‌ನ ಡೇಟಾ ಸೇವರ್ ಮತ್ತು ಐಫೋನಿನ ಲೋ ಡೇಟಾ ಮೋಡ್ ಎರಡನ್ನೂ ಎಲ್ಲರಿಗೂ ಹಾಕಿಸಿದ್ದೇನೆ, ಅವುಗಳ ಬಗ್ಗೆ ಇಲ್ಲಿ ಹೇಳುವಂಥದ್ದೇನೂ ಇಲ್ಲ.

ಈ ನಡುವೆ ಒಂದು ಪಕ್ಕದ ಪ್ರಯೋಗ ಮಾಡಿದೆ. ಫೋನ್ ತೋರಿಸುವ ಲೆಕ್ಕಕ್ಕೂ ಬಿಲ್ಲಿನಲ್ಲಿ ಬರುವ ಲೆಕ್ಕಕ್ಕೂ ಹೊಂದುವುದಿಲ್ಲವೆಂಬ ದೂರು ಆಗಾಗ ಕಿವಿಗೆ ಬೀಳುತ್ತಿತ್ತು. ಆರು ಫೋನ್‌ಗಳಲ್ಲಿ ಲೆಕ್ಕದ ಆವರ್ತವನ್ನು ಬಿಲ್ಲಿನ ತಾರೀಖಿಗೆ ಹೊಂದಿಸಿ ಮೂರು ತಿಂಗಳು ಬರೆದಿಟ್ಟೆ. ಆವರ್ತ ಹೊಂದಿಸಿದ ಕೂಡಲೇ ದೂರಿನ ಬಹುಭಾಗ ಕರಗಿತು, ಏಕೆಂದರೆ ಫೋನ್ ತಿಂಗಳ ಒಂದನೇ ತಾರೀಖಿನಿಂದ ಎಣಿಸುತ್ತಿತ್ತು, ಬಿಲ್ ಹದಿನೇಳರಿಂದ. ಆಮೇಲೂ ಬಿಲ್ಲಿನಲ್ಲಿ ನೂರಕ್ಕೆ ಮೂರೋ ನಾಲ್ಕೋ ಪಾಲು ಹೆಚ್ಚು ಉಳಿಯಿತು. ಫೋನ್ ಒಂದೊಂದು ಬಾರಿ ಮೊಬೈಲ್ ಜಾಲಕ್ಕೆ ಜೋಡಣೆಯಾದಾಗಲೂ ಬಳಕೆಯನ್ನು ಮೇಲಿನ ಪೂರ್ಣ ಅಂಕಿಗೆ ಏರಿಸಿ ಎಣಿಸುವುದು, ದಾರಿಯಲ್ಲಿ ಕಳೆದುಹೋಗಿ ಮತ್ತೆ ಕಳುಹಿಸಿದ ಡೇಟಾ ಸೇರುವುದು ಇದಕ್ಕೆ ಕಾರಣವಿರಬೇಕೆಂದು ನನ್ನ ಅಂದಾಜು. ಹಾಗಾಗಿ 5 ಜಿಬಿಯ ಪ್ಲಾನ್ ಇರುವ ಫೋನಿನಲ್ಲಿ ಮೂರೂವರೆಗೆ ಎಚ್ಚರಿಕೆ, 4.7ಕ್ಕೆ ಪೂರ್ಣ ತಡೆ ಹಾಕಿಸಿದ್ದೇನೆ. ತಡೆ ಬಿದ್ದವರು ನನಗೆ ಕರೆ ಮಾಡುತ್ತಾರೆ, ಕಾರಣ ಕೇಳಿ ನಾನೇ ತೆರೆಸುತ್ತೇನೆ. ಹನ್ನೊಂದು ತಿಂಗಳಲ್ಲಿ ಹಾಗೆ ಬಂದ ಕರೆಗಳು ಒಂಬತ್ತೋ ಹತ್ತೋ ಇರಬಹುದು.

ಇನ್ನು ಅನಿಯಮಿತದ ವಿಚಾರ. ಅಲ್ಲಿ ಜಿಬಿಗೆ ಮಿತಿ ಇಲ್ಲದಿದ್ದರೂ ವೇಗಕ್ಕೆ ಇರುತ್ತದೆ, ಅದು ಷರತ್ತುಗಳ ಸಣ್ಣ ಅಕ್ಷರಗಳಲ್ಲಿರುತ್ತದೆ. ಇದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಉಂಟು: ಅನಿಯಮಿತವೆಂದು ಮಾರಿ ವೇಗ ಇಳಿಸಿದ್ದಕ್ಕಾಗಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಎಟಿ ಆ್ಯಂಡ್ ಟಿ ಎಂಬ ಮೊಬೈಲ್ ಕಂಪನಿಯ ಮೇಲೆ ದಾವೆ ಹೂಡಿತು, 2019ರಲ್ಲಿ ಅದು 6 ಕೋಟಿ ಡಾಲರಿಗೆ ಇತ್ಯರ್ಥವಾಯಿತು. ನಮ್ಮ ಪ್ಲಾನಿನಲ್ಲಿದ್ದ ಕಟ್ಟುಪಾಡುಗಳು ಮೂರು. ತಿಂಗಳ ಬಳಕೆ ಒಂದು ಮಟ್ಟ ದಾಟಿದ ಮೇಲೆ ಟವರಿನಲ್ಲಿ ಜನದಟ್ಟಣೆಯಿದ್ದರೆ ನಮ್ಮ ಸರದಿ ಹಿಂದಕ್ಕೆ ಹೋಗುತ್ತಿತ್ತು, ವಿಡಿಯೋದ ಸ್ಪಷ್ಟತೆ 480ಪಿಗಿಂತ ಮೇಲೇರುತ್ತಿರಲಿಲ್ಲ, ಹಾಟ್‌ಸ್ಪಾಟಿಗೆ ಪ್ರತ್ಯೇಕ ಮಿತಿಯಿದ್ದು ಅದು ಮುಗಿದರೆ ವೇಗ 128 ಕೆಬಿಪಿಎಸ್‌ಗೆ ಕುಸಿಯುತ್ತಿತ್ತು. ಆ ವೇಗದಲ್ಲಿ 4 ಎಂಬಿಯ ಒಂದು ಚಿತ್ರ ಹೋಗಲು ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕು. ನಮ್ಮ ಒಂದು ವರದಿಯಲ್ಲಿ ಮೂವತ್ತು ಚಿತ್ರಗಳಿರುತ್ತವೆ.

ಸರದಿ ಹಿಂದಕ್ಕೆ ಹೋಗುವುದನ್ನು ಕಣ್ಣಾರೆ ನೋಡಬೇಕೆಂದು ಎರಡು ಸಿಮ್ ಹಾಕುವ ಒಂದೇ ಫೋನಿನಲ್ಲಿ, ಒಂದೇ ಕಂಪನಿಯ ಎರಡು ಸಿಮ್ ಹಾಕಿಕೊಂಡೆ. ಮೊದಲನೆಯದು ಆ ತಿಂಗಳ ಮಟ್ಟ ದಾಟಿದ್ದ ಅನಿಯಮಿತ ಸಿಮ್, ಇನ್ನೊಂದು ಡೇಟಾ ಇನ್ನೂ ಉಳಿದಿದ್ದ 10 ಜಿಬಿಯ ಸಿಮ್. ಬೆಳಗಿನ ಜಾವ ಎರಡರ ವೇಗವೂ ಹೆಚ್ಚುಕಡಿಮೆ ಒಂದೇ, 40 ಎಂಬಿಪಿಎಸ್ ಆಸುಪಾಸು. ಸಂಜೆ ಏಳರ ಹೊತ್ತಿಗೆ ಅದೇ ಜಾಗದಲ್ಲಿ ಹಂತದ ಪ್ಲಾನಿನ ಸಿಮ್ 14ರಿಂದ 18 ಕೊಟ್ಟರೆ, ಅನಿಯಮಿತ ಸಿಮ್ 2 ಎಂಬಿಪಿಎಸ್ ಕೂಡ ಮುಟ್ಟುತ್ತಿರಲಿಲ್ಲ. ಆರು ಸಂಜೆ ನೋಡಿದೆ, ಐದರಲ್ಲಿ ಹೀಗೆಯೇ ಆಯಿತು. ಹೆಚ್ಚು ಹಣ ಕೊಡುವ ಸಂಪರ್ಕವೇ ಸಂಜೆ ನಿಧಾನವೆಂಬ ಈ ಪಟ್ಟಿಯನ್ನು ಲೆಕ್ಕಪತ್ರದ ಹಿರಿಯರ ಮುಂದಿಟ್ಟ ದಿನವೇ ಅವರ ವಿರೋಧ ಸಡಿಲವಾದದ್ದು.

ಹಾಗೆಂದು ಅನಿಯಮಿತ ಪ್ಲಾನನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅದರ ದೊಡ್ಡ ಗುಣ ಮನಸ್ಸಿನ ನಿಶ್ಚಿಂತೆ, ಅದರ ಬೆಲೆ ನನಗೆ ತಡವಾಗಿ ತಿಳಿಯಿತು. ನಾಲ್ಕನೇ ತಿಂಗಳಲ್ಲಿ ನಮ್ಮ ಕಿರಿಯ ಸಹೋದ್ಯೋಗಿಯೊಬ್ಬರು ತಳಪಾಯದ ಬಿರುಕಿನ ವಿಡಿಯೋವನ್ನು ಸ್ಥಳದಿಂದಲೇ ಕಳುಹಿಸದೆ, ಡೇಟಾ ಉಳಿಸೋಣವೆಂದು ಕಚೇರಿಯ ವೈಫೈಗೆ ಬರುವವರೆಗೆ ಇಟ್ಟುಕೊಂಡರು. ಬಂದ ಮೇಲೆ ನೋಡಿದರೆ ಬಿರುಕಿನ ಮುಖ್ಯ ಭಾಗ ಚಿತ್ರದ ಚೌಕಟ್ಟಿನಿಂದ ಹೊರಗಿತ್ತು, ಮತ್ತೊಮ್ಮೆ ಅಷ್ಟು ದೂರ ಹೋಗಿಬರಬೇಕಾಯಿತು. ಆ ಒಂದು ಪ್ರಯಾಣದ ಖರ್ಚು ಅವರ ಸಂಪರ್ಕದಲ್ಲಿ ನಾನು ಏಳೆಂಟು ತಿಂಗಳಲ್ಲಿ ಉಳಿಸಬಹುದಾದ ಹಣಕ್ಕೆ ಸಮವಾಗಿತ್ತು. ತಪ್ಪು ಅವರದಲ್ಲ, ಉಳಿತಾಯದ ಮಾತನ್ನು ಅತಿಯಾಗಿ ಆಡಿದ ನನ್ನದು. ಅಂದಿನಿಂದ ಕೆಲಸದ ಚಿತ್ರ, ವಿಡಿಯೋ, ಕರೆಗಳಿಗೆ ಲೆಕ್ಕ ನೋಡಲೇಬಾರದೆಂದು ಎಲ್ಲರಿಗೂ ಬರೆದು ಕೊಟ್ಟಿದ್ದೇನೆ. ಕಾಯುವಾಗ ನೋಡುವ ವಿಡಿಯೋಗೆ ಮಾತ್ರ ಕಡಿವಾಣ: 1080ಪಿಯಲ್ಲಿ ಗಂಟೆಗೆ ಎರಡರಿಂದ ಮೂರು ಜಿಬಿ ಹೋಗುವುದು 480ಪಿಯಲ್ಲಿ ಮುಕ್ಕಾಲು ಜಿಬಿಯೊಳಗೆ ಮುಗಿಯುತ್ತದೆ, ಫೋನಿನ ಪರದೆಯಲ್ಲಿ ವ್ಯತ್ಯಾಸ ಹೆಚ್ಚೇನೂ ಕಾಣುವುದಿಲ್ಲ.

ಹಂತ ಆರಿಸುವ ನನ್ನ ಈಗಿನ ಕ್ರಮ ಸರಳವಾದದ್ದು. ಒಬ್ಬೊಬ್ಬರದೂ ಆರು ತಿಂಗಳ ಬಳಕೆ ತೆಗೆದು, ಅತಿ ಹೆಚ್ಚಿನ ಒಂದು ತಿಂಗಳನ್ನು ಬಿಟ್ಟು, ಅದರ ಕೆಳಗಿನ ಅಂಕಿಗೆ ಐದರಲ್ಲೊಂದು ಪಾಲು ಕೂಡಿಸುತ್ತೇನೆ. ಬಿಟ್ಟ ತಿಂಗಳು ಮತ್ತೆ ಬಂದರೆ ಬರಲಿ, ಆ ಒಂದು ಸಲ ಹೆಚ್ಚುವರಿ ದರ ಕಟ್ಟುತ್ತೇನೆ. ಮಿತಿ ಮೀರುವುದೆಂದರೆ ಎಲ್ಲರಿಗೂ ಭಯ, ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ನಮ್ಮಲ್ಲಿ ಮೀರಿದ ಎಂಟು ಜಿಬಿಗೆ ಒಂದು ಅನಿಯಮಿತ ಸಂಪರ್ಕದ ತಿಂಗಳ ಬಾಡಿಗೆಯಷ್ಟು ಹಣ ಹೋಗುತ್ತದೆ, ಒಂದು ಹಂತಕ್ಕೂ ಅದರ ಮೇಲಿನದಕ್ಕೂ ಇರುವ ಅಂತರ ಸುಮಾರು ಒಂದೂಕಾಲು ಜಿಬಿಯ ಹೆಚ್ಚುವರಿ ದರಕ್ಕೆ ಸಮ. ಹಾಗಾಗಿ ತಿಂಗಳು ತಿಂಗಳೂ ಒಂದೂವರೆ ಜಿಬಿ ಮೀರುವವರನ್ನು ಮೇಲಿನ ಹಂತಕ್ಕೆ ಏರಿಸಬೇಕು, ಮೂರು ತಿಂಗಳಿಗೊಮ್ಮೆ ಒಂದು ಜಿಬಿ ಮೀರುವವರನ್ನು ಅಲ್ಲಿಯೇ ಬಿಡಬೇಕು. ನಮ್ಮ ದರದಲ್ಲಿ 22 ಜಿಬಿ ದಾಟಿದವರಿಗೆ ಅನಿಯಮಿತವೇ ಅಗ್ಗ.

ಇದರಂತೆ ಈಗ ಏಳು ಮಂದಿ 5 ಜಿಬಿಯಲ್ಲಿ, ಮೂವರು 10ರಲ್ಲಿ, ಒಬ್ಬರು 20ರಲ್ಲಿ, ಮೂವರು ಅನಿಯಮಿತದಲ್ಲಿ ಇದ್ದಾರೆ. 5 ಜಿಬಿಯ ಬಾಡಿಗೆ ಅನಿಯಮಿತದ ಐದರಲ್ಲಿ ಎರಡು ಪಾಲು, 10ರದು ಅರ್ಧಕ್ಕಿಂತ ತುಸು ಹೆಚ್ಚು, 20ರದು ಮುಕ್ಕಾಲರ ಹತ್ತಿರ. ಕೂಡಿಸಿ ನೋಡಿದರೆ ಐವತ್ತೆಂಟು ಎಲ್ಲಿಂದ ಬಂತೆಂಬುದು ಗೊತ್ತಾಗುತ್ತದೆ. ಎಲ್ಲರ ಡೇಟಾವನ್ನು ಒಂದೇ ಕೊಡದಲ್ಲಿ ಹಾಕುವ ಹಂಚಿಕೆ ಪ್ಲಾನನ್ನೂ ಎರಡು ತಿಂಗಳು ನೋಡಿದೆ. 52 ಜಿಬಿಯವರು ಇಪ್ಪತ್ತನೇ ದಿನಕ್ಕೇ ಕೊಡ ಬರಿದು ಮಾಡಿದರು, ಉಳಿದವರು ಅವರ ಮೇಲೆ ಮುನಿಸಿಕೊಂಡರು, ಅಲ್ಲಿಗೆ ಅದನ್ನು ಕೈಬಿಟ್ಟೆ. ದಿನಕ್ಕಿಷ್ಟು ಎಂದು ಕೊಡುವ ಪ್ಲಾನ್ ನಮ್ಮ ಕೆಲಸಕ್ಕೆ ಒಗ್ಗುವುದಿಲ್ಲ, ಏಕೆಂದರೆ ಸ್ಥಳಕ್ಕೆ ಹೋದ ದಿನ ಎರಡು ಜಿಬಿ ಬೇಕು, ಮೇಜಿನ ಮುಂದೆ ಕುಳಿತ ದಿನ ಏನೂ ಬೇಡ.

ಪ್ಲಾನ್ ಬದಲಿಸಲು ಆವರ್ತದ ಯಾವ ದಿನ ಒಳ್ಳೆಯದು, ಮತ್ತು ಹಂತ ಇಳಿಸುವಾಗ ಹಳೆಯ ರಿಯಾಯಿತಿ ಉಳಿಸಿಕೊಳ್ಳಲು ಗ್ರಾಹಕ ಸೇವೆಯವರಲ್ಲಿ ಏನು ಕೇಳಬೇಕು ಎಂಬ ಎರಡು ಸಂಗತಿಗಳನ್ನು ನಾನು ಬರೆಯುವುದಿಲ್ಲ. ಎಲ್ಲರೂ ಕೇಳತೊಡಗಿದರೆ ಆ ಬಾಗಿಲು ಮುಚ್ಚುತ್ತದೆ, ನನಗೆ ಮುಂದಿನ ವರ್ಷವೂ ಅದು ಬೇಕು.

ಮುಂದಿನ ಪರಿಶೀಲನೆ ಇನ್ನೆರಡು ತಿಂಗಳಿಗಿದೆ. 33 ಜಿಬಿ ಬಳಸುತ್ತಿದ್ದವರು ಸತತ ನಾಲ್ಕು ತಿಂಗಳಿಂದ 19ರ ಒಳಗಿದ್ದಾರೆ. ಆರು ತಿಂಗಳು ತುಂಬಿದ ಮೇಲೆ ಆ ಐದರಲ್ಲೊಂದು ಪಾಲು ಕೂಡಿಸಿ ನೋಡಿದಾಗ ಅಂಕಿ 22ರ ಕೆಳಗಿದ್ದರೆ ಅವರನ್ನು 20ಕ್ಕೆ ಇಳಿಸಬೇಕೆಂದಿದ್ದೇನೆ, ಲೆಕ್ಕಪತ್ರದ ಹಿರಿಯರು ಈ ಸಲ ಕೇಳುವ ಮೊದಲೇ ಒಪ್ಪಿಗೆಯ ಸಹಿ ಹಾಕಿಟ್ಟಿದ್ದಾರೆ.