ಆ್ಯಪ್‌ನ ಪರದೆ ಬಿಡಿಸುವ ಮುನ್ನ ಎರಡು ವಾಕ್ಯ: ಬಳಕೆದಾರರ ತೊಂದರೆಯನ್ನು ಗುರುತಿಸುವುದು ಹೇಗೆ?

ಬೆಳಿಗ್ಗೆ ಆರು ಗಂಟೆ. ಹಳ್ಳಿಯ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದವರ ಸಾಲು. ಹಾಲು ತೂಕದ ಪಾತ್ರೆಗೆ ಬೀಳುತ್ತದೆ, ಅದರಲ್ಲಿ ಒಂದಿಷ್ಟು ಫ್ಯಾಟ್ ಅಳೆಯುವ ಯಂತ್ರಕ್ಕೆ ಹೋಗುತ್ತದೆ, ಪುಟ್ಟ ಪ್ರಿಂಟರ್‌ನಿಂದ ಒಂದು ಚೀಟಿ ಹೊರಬರುತ್ತದೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ), ದರ, ಮೊತ್ತ, ಎಲ್ಲವೂ ಅದರಲ್ಲಿದೆ. ಅಂದು ನಾನು ಗಮನಿಸಿದ ಹೆಂಗಸರಲ್ಲಿ ಹೆಚ್ಚಿನವರು ಅದನ್ನು ಓದಲೇ ಇಲ್ಲ. ಮಡಿಚಿ ಸೊಂಟದ ಎಲೆಯಡಿಕೆ ಚೀಲಕ್ಕೆ ಸೇರಿಸಿ, ಕಾರ್ಯದರ್ಶಿಯ ಮೇಜಿನತ್ತ ತಿರುಗಿ, ಒಬ್ಬರಾದ ಮೇಲೆ ಒಬ್ಬರು ಒಂದೇ ಪ್ರಶ್ನೆ ಕೇಳಿದರು: ‘ಅಣ್ಣಾ, ಈ ಬಟವಾಡೆಗೆ ಕೈಗೆ ಎಷ್ಟು ಬರುತ್ತದೆ?’

ಅಷ್ಟು ಹೊತ್ತಿಗೆ ನಮ್ಮ ತಂಡ ಅವರಿಗೆಂದೇ ನಾಲ್ಕು ತಿಂಗಳು ದುಡಿದು ಒಂದು ಆ್ಯಪ್ ಕಟ್ಟಿ ಮುಗಿಸಿತ್ತು. ಫ್ಯಾಟ್ ಏರಿಳಿತ ತೋರಿಸುವ ಬಣ್ಣದ ನಕ್ಷೆ ಅದರಲ್ಲಿತ್ತು. ಅವರ ಪ್ರಶ್ನೆಗೆ ಉತ್ತರ ಇರಲಿಲ್ಲ.

ಯುಎಕ್ಸ್ (ಯೂಸರ್ ಎಕ್ಸ್‌ಪೀರಿಯೆನ್ಸ್, ಅಂದರೆ ಬಳಕೆದಾರರ ಅನುಭವ) ವಿನ್ಯಾಸ ಎಂದರೆ ಗುಂಡಿ, ಬಣ್ಣ, ಪರದೆಗಳ ಕೆಲಸ ಎಂದು ತಿಳಿದವರು ಬಹಳ. 1990ರ ದಶಕದ ಆರಂಭದಲ್ಲಿ ಆ್ಯಪಲ್ ಕಂಪನಿಯಲ್ಲಿದ್ದ ಡಾನ್ ನಾರ್ಮನ್ ‘ಯೂಸರ್ ಎಕ್ಸ್‌ಪೀರಿಯೆನ್ಸ್’ ಎಂಬ ಹೆಸರನ್ನು ಬಳಕೆಗೆ ತಂದಾಗ ಅವರ ಮನಸ್ಸಿನಲ್ಲಿದ್ದದ್ದು ಪರದೆ ಮಾತ್ರವಲ್ಲ, ಒಂದು ವಸ್ತುವಿನೊಂದಿಗೆ ಮನುಷ್ಯನಿಗೆ ಆಗುವ ಇಡೀ ಒಡನಾಟ. ಆ ಒಡನಾಟ ಚೆನ್ನಾಗಿರಬೇಕಾದರೆ ಮೊದಲು ಎರಡು ವಾಕ್ಯಗಳು ಕಾಗದದ ಮೇಲೆ ಬರಬೇಕು. ಒಂದು, ಯಾರಿಗೆ ಏನು ತೊಂದರೆ. ಎರಡು, ಆ ತೊಂದರೆಗೆ ಪ್ರತಿಯಾಗಿ ನಾವು ಕೊಡುವ ಮಾತು ಏನು. ಕಚೇರಿಗಳಲ್ಲಿ ಇವುಗಳನ್ನು ‘ಪ್ರಾಬ್ಲಂ ಸ್ಟೇಟ್‌ಮೆಂಟ್’, ‘ವ್ಯಾಲ್ಯೂ ಪ್ರಪೋಸಿಷನ್’ ಎನ್ನುತ್ತಾರೆ. ಇಲ್ಲಿ ತೊಂದರೆಯ ವಾಕ್ಯ, ಭರವಸೆಯ ವಾಕ್ಯ ಎಂದು ಕರೆಯೋಣ. ಹೊಸದಾಗಿ ಈ ಕ್ಷೇತ್ರಕ್ಕೆ ಬರುವವರಿಗೆ, ಸ್ವಂತ ಉದ್ಯಮಕ್ಕೊಂದು ಆ್ಯಪ್ ಮಾಡಿಸಬೇಕೆಂದಿರುವವರಿಗೆ ಇವನ್ನು ಬರೆಯುವ ಕ್ರಮ ಹೀಗಿದೆ.

ಮೊದಲ ಹೆಜ್ಜೆ: ಹೋಗಿ ನಿಲ್ಲಿ

ಕೆಲಸ ನಡೆಯುವ ಜಾಗಕ್ಕೆ, ಅದು ನಡೆಯುವ ಹೊತ್ತಿಗೇ ಹೋಗಬೇಕು. ಡೈರಿಗೆ ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಬೀಗ ಕಾಣುತ್ತದೆ, ತೊಂದರೆ ಕಾಣುವುದಿಲ್ಲ. ಮೊದಲ ಅರ್ಧ ಗಂಟೆ ಏನನ್ನೂ ಕೇಳದೆ ನೋಡಿ. ಜನ ಎಲ್ಲಿ ತಡೆಯುತ್ತಾರೆ, ಯಾರನ್ನು ಕೇಳುತ್ತಾರೆ, ಯಾವುದನ್ನು ಓದದೆ ಬಿಡುತ್ತಾರೆ, ಅಂಗೈ ಮೇಲೆ ಏನು ಬರೆದುಕೊಂಡಿದ್ದಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಜನ ತಾವೇ ಹುಡುಕಿಕೊಂಡ ಅಡ್ಡದಾರಿಗಳಿಗೆ ವಿಶೇಷ ಗಮನ ಕೊಡಿ. ಆ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಪಶು ಆಹಾರದ ಪ್ರತಿ ಮೂಟೆಗೂ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದರು. ನಮಗೆ ಬೇಕಾಗಿದ್ದ ವಿನ್ಯಾಸದ ಅರ್ಧ ಭಾಗ ಆ ಗೋಡೆಯ ಮೇಲಿತ್ತು.

ಆಮೇಲೆ ಮಾತು. ಇಲ್ಲಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ: ಮುಂದೆ ಏನು ಮಾಡುತ್ತೀರಿ ಎಂದು ಕೇಳಬೇಡಿ, ಹಿಂದೆ ಏನಾಯಿತು ಎಂದು ಕೇಳಿ. ‘ಇಂಥ ಆ್ಯಪ್ ಕೊಟ್ಟರೆ ಬಳಸುತ್ತೀರಾ?’ ಎಂದರೆ ಮನೆ ಬಾಗಿಲಿಗೆ ಬಂದವರ ಮನಸ್ಸು ನೋಯಿಸಬಾರದೆಂದು ‘ಬಳಸುತ್ತೇವೆ ಸಾರ್’ ಎನ್ನುತ್ತಾರೆ. ನಮ್ಮ ಮೊದಲ ಸಮೀಕ್ಷೆಯಲ್ಲಿ ಹಾಗೆ ಬಂದ ಒಪ್ಪಿಗೆಗಳನ್ನೇ ನಂಬಿ ನಾವು ನಾಲ್ಕು ತಿಂಗಳು ಕಳೆದದ್ದು. ಅದೇ, ‘ಹೋದ ಬಟವಾಡೆಯ ದಿನ ಏನಾಯಿತು, ಸ್ವಲ್ಪ ಹೇಳಿ ಅಮ್ಮಾ’ ಎಂದರೆ ಕಥೆ ಹೊರಬರುತ್ತದೆ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಕಡಿತ’ ಎಂದರೆ ಕಡಿತ ಎಂದೇ ಬರೆಯಿರಿ, ‘ಹೊಂದಾಣಿಕೆ’ ಎಂದು ತಿದ್ದಬೇಡಿ.

ಎರಡನೆಯ ಹೆಜ್ಜೆ: ಬೇರಿನವರೆಗೆ ಕೆದಕಿ

ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ರೂಢಿಗೆ ಬಂದ ಒಂದು ಪದ್ಧತಿ ಇದೆ. ಯಂತ್ರ ಕೆಟ್ಟು ನಿಂತಾಗ ‘ಏಕೆ?’ ಎಂದು ಐದು ಸಲ ಕೇಳುತ್ತಾ ಹೋಗುವುದು. ಡೈರಿಯ ಪ್ರಶ್ನೆಗೆ ಅದನ್ನು ಹೊಂದಿಸಿದಾಗ ಹೀಗಾಯಿತು.

ಹಣ ಎಷ್ಟು ಬರುತ್ತದೆಂದು ಕಾರ್ಯದರ್ಶಿಯನ್ನು ಏಕೆ ಕೇಳುತ್ತಾರೆ? ಚೀಟಿಯಲ್ಲಿ ಅಂದಂದಿನ ಮೊತ್ತ ಮಾತ್ರ ಇರುತ್ತದೆ. ಎಲ್ಲ ಚೀಟಿಗಳನ್ನು ಏಕೆ ಕೂಡಿಸುವುದಿಲ್ಲ? ಕೂಡಿಸಿದರೂ ಬ್ಯಾಂಕಿಗೆ ಬರುವುದು ಅಷ್ಟಲ್ಲ, ಹಾಲಿನ ಸಂಘದಿಂದ ಸಾಲವಾಗಿ ತಂದ ಪಶು ಆಹಾರದ ಹಣ ಅದರಲ್ಲಿ ಮುರಿದುಕೊಳ್ಳುತ್ತದೆ. ಮುರಿಯುವುದು ಎಷ್ಟೆಂದು ಏಕೆ ಗೊತ್ತಿಲ್ಲ? ಮೂಟೆ ತರುವವರು ಗಂಡ ಅಥವಾ ಮಗ, ಲೆಕ್ಕ ಇರುವುದು ಸಂಘದ ಬೇರೊಂದು ಪುಸ್ತಕದಲ್ಲಿ. ಮೊದಲೇ ತಿಳಿದುಕೊಳ್ಳುವ ಆತುರ ಏಕೆ? ಸ್ವಸಹಾಯ ಸಂಘದ ಕಂತು ಕಟ್ಟುವ ವಾರ ಹತ್ತಿರ ಬಂದಿರುತ್ತದೆ. ಹಣ ಸಾಲದಿದ್ದರೆ ಕೈಸಾಲಕ್ಕೆ ಯಾರ ಬಳಿ ಹೋಗುವುದೆಂದು ಎರಡು ದಿನ ಮುಂಚೆ ಯೋಚಿಸಬೇಕು.

ಫ್ಯಾಟ್‌ನ ನಕ್ಷೆಯಿಂದ ಹೊರಟವರು ಕೈಸಾಲದ ಚಿಂತೆಗೆ ಬಂದು ಮುಟ್ಟಿದೆವು. ಆದರೆ ಎದುರಿಗೆ ಕೂತವರನ್ನು ‘ಏಕೆ, ಏಕೆ’ ಎಂದು ಚುಚ್ಚಬೇಡಿ, ಅದು ಪೊಲೀಸ್ ವಿಚಾರಣೆಯಂತೆ ಕೇಳಿಸುತ್ತದೆ. ‘ಆಮೇಲೆ ಏನು ಮಾಡಿದಿರಿ?’ ಎಂದರೆ ಸಾಕು. ಏಕೆ ಎಂಬುದನ್ನು ನೀವು ಮನೆಗೆ ಬಂದು ಟಿಪ್ಪಣಿಗಳಿಗೆ ಕೇಳಿ.

ಮೂರನೆಯ ಹೆಜ್ಜೆ: ಒಂದನ್ನು ಆರಿಸಿ, ಉಳಿದದ್ದನ್ನು ಬಿಡಿ

ಹೀಗೆ ನಿಂತು ನೋಡಿದಾಗ ಹತ್ತಾರು ತೊಂದರೆಗಳು ಕೈಗೆ ಸಿಗುತ್ತವೆ. ಮೂರು ಪ್ರಶ್ನೆಗಳಿಂದ ಸೋಸಿ. ಇದು ಎಷ್ಟು ಸಲ ಎದುರಾಗುತ್ತದೆ? ಎದುರಾದಾಗ ಎಷ್ಟು ನೋಯಿಸುತ್ತದೆ? ತಪ್ಪಿಸಿಕೊಳ್ಳಲು ಜನ ಈಗಾಗಲೇ ಸಮಯವನ್ನೋ ಹಣವನ್ನೋ ಖರ್ಚು ಮಾಡುತ್ತಿದ್ದಾರೆಯೇ? ಮೂರನೆಯದಕ್ಕೆ ‘ಹೌದು’ ಎಂದು ಬಂದರೆ ತೊಂದರೆ ನಿಜವಾದದ್ದು.

ನಮಗೆ ಬಹಳ ಇಷ್ಟವಾಗಿದ್ದ ಇನ್ನೊಂದು ಪ್ರಶ್ನೆ ‘ನಿನ್ನೆಗಿಂತ ಇವತ್ತು ಫ್ಯಾಟ್ ಏಕೆ ಕಡಿಮೆ?’ ಎಂಬುದು. ಅದಕ್ಕೆ ಕಾರಣಗಳು ಹಲವು. ಎರಡು ಕರಾವುಗಳ ನಡುವೆ ಅಂತರ ಹೆಚ್ಚಾದಷ್ಟೂ ಸಾಮಾನ್ಯವಾಗಿ ಹಾಲಿನ ಕೊಬ್ಬಿನ ಪ್ರಮಾಣ ಇಳಿಯುತ್ತದೆ, ಹಾಗಾಗಿ ರಾತ್ರಿಯಿಡೀ ಕಳೆದ ಮೇಲಿನ ಬೆಳಗಿನ ಹಾಲಿನಲ್ಲಿ ಅದು ಕಡಿಮೆ ಇರಬಹುದು. ಕೆಚ್ಚಲಿನಿಂದ ಮೊದಲು ಬರುವ ಹಾಲು ತೆಳು, ಕೊನೆಯ ಹಾಲು ಗಟ್ಟಿ. ಪೂರ್ತಿ ಕರೆಯದೆ ಬಿಟ್ಟರೂ ಇಳಿಯುತ್ತದೆ. ಮೇವಿನಲ್ಲಿ ನಾರು ಕಡಿಮೆಯಾದರೂ ಹಾಗೆಯೇ. ಈ ವಿಷಯಗಳೆಲ್ಲ ರೈತರಿಗೆ ಉಪಯೋಗದವೇ. ಆದರೂ ಬಿಟ್ಟೆವು. ಅವರ ಪ್ರಶ್ನೆಯ ಒಳಗಿದ್ದದ್ದು ಯಂತ್ರದ ಮೇಲಿನ ಅಪನಂಬಿಕೆ, ಅದನ್ನು ಪರದೆಯಿಂದ ಹೋಗಲಾಡಿಸಲು ಆಗುವುದಿಲ್ಲ. ಎರಡು ತೊಂದರೆಗಳನ್ನು ಒಂದೇ ವಾಕ್ಯಕ್ಕೆ ತುರುಕಿದರೆ ಎರಡೂ ಕೆಡುತ್ತವೆ.

ನಾಲ್ಕನೆಯ ಹೆಜ್ಜೆ: ತೊಂದರೆಯ ವಾಕ್ಯವನ್ನು ಬರೆಯಿರಿ

ಯಾರು, ಯಾವ ಹೊತ್ತಿನಲ್ಲಿ, ಏನು ಮಾಡಲು ಹೊರಟಾಗ, ಏನು ಅಡ್ಡ ಬರುತ್ತದೆ, ಅದರಿಂದ ಅವರಿಗೆ ಏನಾಗುತ್ತದೆ. ಈ ಐದೂ ಇರಬೇಕು. ಆರನೆಯದೊಂದು ಇರಬಾರದು, ಪರಿಹಾರ.

‘ಹಾಲು ಉತ್ಪಾದಕರಿಗೆ ಮಾಹಿತಿ ನೀಡುವ ಆ್ಯಪ್ ಇಲ್ಲ’ ಎಂದು ನಮ್ಮ ಮೊದಲ ವಾಕ್ಯ ಇತ್ತು. ಆ್ಯಪ್ ಇಲ್ಲದಿರುವುದು ಯಾರಿಗೂ ತೊಂದರೆಯಲ್ಲ. ಪರಿಹಾರವನ್ನು ಮೊದಲೇ ನಿರ್ಧರಿಸಿ, ಅದು ಇಲ್ಲದಿರುವುದನ್ನೇ ತೊಂದರೆ ಎಂದು ಬರೆದಿದ್ದೆವು. ಈ ತಪ್ಪು ಇಷ್ಟು ಸಹಜವಾಗಿ ಆಗುವುದರಿಂದ ಒಂದು ದೊಡ್ಡ ಉದಾಹರಣೆಯನ್ನು ಹೇಳಲೇಬೇಕು.

2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸ ತರಗತಿಯೊಂದರಲ್ಲಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡಲಾಯಿತು: ಬಡ ದೇಶಗಳ ಆಸ್ಪತ್ರೆಗಳಿಗೆ, ಶಿಶುಗಳನ್ನು ಬೆಚ್ಚಗಿಡುವ ಯಂತ್ರವಾದ ಇನ್‌ಕ್ಯುಬೇಟರನ್ನು ಅಗ್ಗದಲ್ಲಿ ಮಾಡಿ. ತಂಡದವರು ನೇಪಾಳಕ್ಕೆ ಹೋಗಿ ನೋಡಿದರು. ನಗರದ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಇದ್ದವು, ಖಾಲಿ ಇದ್ದವು. ತೂಕ ಕಡಿಮೆಯಿರುವ ಶಿಶುಗಳು ಹುಟ್ಟುತ್ತಿದ್ದದ್ದು ಆಸ್ಪತ್ರೆಯಿಂದ ಬಹಳ ದೂರದ, ಕರೆಂಟಿಲ್ಲದ ಹಳ್ಳಿಗಳಲ್ಲಿ. ಅಲ್ಲಿಂದ ಬರುವಷ್ಟರಲ್ಲಿ ಮಗುವಿನ ಮೈ ತಣ್ಣಗಾಗುತ್ತಿತ್ತು. ಹಾಗಾದರೆ ತೊಂದರೆ ಇನ್‌ಕ್ಯುಬೇಟರಿನ ಬೆಲೆಯಲ್ಲ. ಕರೆಂಟಿಲ್ಲದ ಮನೆಯಲ್ಲಿ ತಾಯಿಯೇ ಮಗುವನ್ನು ಬೆಚ್ಚಗಿಡುವುದು ಹೇಗೆ ಎಂಬುದು. ವಾಕ್ಯ ಬದಲಾದದ್ದೇ ತಡ, ಪರಿಹಾರದ ರೂಪವೇ ಬದಲಾಯಿತು. ಒಮ್ಮೆ ಕಾಯಿಸಿಟ್ಟರೆ ಗಂಟೆಗಟ್ಟಲೆ 37 ಡಿಗ್ರಿ ಶಾಖ ಹಿಡಿದಿಡುವ ಮೇಣದಂಥ ವಸ್ತುವನ್ನು ಒಳಗಿಟ್ಟ ಪುಟ್ಟ ಮಲಗುಚೀಲ ಹುಟ್ಟಿತು. ಅದೇ ‘ಎಂಬ್ರೇಸ್’. ಆ ತಂಡ ಮುಂದೆ ಬೆಂಗಳೂರಿಗೇ ಬಂದು ನೆಲೆ ಹೂಡಿ ಆ ಚೀಲವನ್ನು ಬೆಳೆಸಿತು.

ಎಂಬ್ರೇಸ್‌ನ ಕಥೆಯಲ್ಲಿ ನನಗೆ ಇನ್ನೂ ಮುಖ್ಯವೆನಿಸುವ ಒಂದು ಸಣ್ಣ ಪ್ರಸಂಗವಿದೆ. ಮೊದಲ ಮಾದರಿಗಳಲ್ಲಿ ಶಾಖ ಎಷ್ಟೆಂಬುದು ಅಂಕಿಯಲ್ಲಿ ಕಾಣುತ್ತಿತ್ತು. ನಮ್ಮ ದೇಶದ ಹಳ್ಳಿಯ ತಾಯಿಯೊಬ್ಬರು, ಇಂಗ್ಲಿಷ್ ಔಷಧಿ ಬಹಳ ಜೋರು, ಡಾಕ್ಟರು ಹೇಳಿದ್ದಕ್ಕಿಂತ ಕಡಿಮೆಯೇ ಮಗುವಿಗೆ ಕೊಡುವುದು ಎಂಬ ಅರ್ಥದ ಮಾತು ಹೇಳಿದರು. ಅಂದರೆ 37 ಎಂದು ಹೇಳಿಕೊಟ್ಟರೆ ಮಗುವಿನ ಒಳಿತಿಗೆಂದೇ ಅದಕ್ಕಿಂತ ಕಡಿಮೆ ಶಾಖ ಇಡುತ್ತಾರೆ. ತಂಡ ಅಂಕಿಯನ್ನೇ ತೆಗೆದುಹಾಕಿ ‘ಸರಿ ಇದೆ’ ಅಥವಾ ‘ಸರಿ ಇಲ್ಲ’ ಎಂದು ಮಾತ್ರ ತಿಳಿಸುವ ಗುರುತನ್ನು ಇಟ್ಟಿತು. ಒಬ್ಬ ತಾಯಿಯ ಮಾತನ್ನು ಹಳ್ಳಿಯವರ ತಿಳಿಗೇಡಿತನ ಎಂದು ತಳ್ಳಿಹಾಕದೆ, ವಿನ್ಯಾಸದ ದೋಷ ಎಂದು ಕೇಳಿಸಿಕೊಂಡದ್ದರಿಂದ ಆದ ಬದಲಾವಣೆ ಅದು.

ನಮ್ಮ ಡೈರಿಯ ವಾಕ್ಯ ಕೊನೆಗೆ ಹೀಗೆ ನಿಂತಿತು: ‘ದಿನಕ್ಕೆ ಎಂಟು ಹತ್ತು ಲೀಟರ್ ಹಾಲು ಹಾಕುವ, ತನ್ನದೇ ಮೊಬೈಲ್ ಇಲ್ಲದ ಹೆಂಗಸಿಗೆ, ಪಶು ಆಹಾರದ ಸಾಲ ಕಳೆದು ಕೈಗೆ ಎಷ್ಟು ಬರುತ್ತದೆ ಎಂಬುದು ಬಟವಾಡೆಯ ದಿನದವರೆಗೆ ತಿಳಿಯುವುದಿಲ್ಲ, ಇದರಿಂದ ಸ್ವಸಹಾಯ ಸಂಘದ ಕಂತಿಗೆ ಹಣ ಹೊಂದಿಸಲು ಕಡೆಯ ಗಳಿಗೆಯಲ್ಲಿ ಕೈಸಾಲ ಮಾಡಬೇಕಾಗುತ್ತದೆ.’ ಬರೆದು ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಈ ವಾಕ್ಯಕ್ಕೆ ಕನಿಷ್ಠ ಮೂರು ಬೇರೆ ಬೇರೆ ಪರಿಹಾರಗಳು ಹೊಳೆಯುತ್ತವೆಯೇ? ಒಂದೇ ಹೊಳೆದರೆ ಅದನ್ನು ನೀವೇ ವಾಕ್ಯದೊಳಗೆ ಬಚ್ಚಿಟ್ಟಿದ್ದೀರಿ.

ಐದನೆಯ ಹೆಜ್ಜೆ: ಭರವಸೆಯ ವಾಕ್ಯ

ಉದ್ಯಮ ಚಿಂತಕ ಅಲೆಕ್ಸಾಂಡರ್ ಆಸ್ಟರ್‌ವಾಲ್ಡರ್ ರೂಪಿಸಿದ ‘ವ್ಯಾಲ್ಯೂ ಪ್ರಪೋಸಿಷನ್ ಕ್ಯಾನ್ವಾಸ್’ ಎಂಬ ಚಿತ್ರಪಟ ಇಲ್ಲಿ ನೆರವಿಗೆ ಬರುತ್ತದೆ. ಬಲಗಡೆ ಒಂದು ವೃತ್ತ: ಆ ವ್ಯಕ್ತಿ ಮಾಡಬೇಕಾದ ಕೆಲಸ, ಅದರಲ್ಲಿನ ನೋವು, ಅವರು ಬಯಸುವ ಲಾಭ. ಎಡಗಡೆ ಒಂದು ಚೌಕ: ನೀವು ಕೊಡುವ ವಸ್ತು ಅಥವಾ ಸೇವೆ, ಅದು ನೋವನ್ನು ನೀಗುವ ಬಗೆ, ಲಾಭ ತರುವ ಬಗೆ. ವೃತ್ತ ತುಂಬುವವರೆಗೆ ಚೌಕವನ್ನು ಮುಟ್ಟಬೇಡಿ. ವೃತ್ತದ ಯಾವ ನೋವಿಗೂ ತಾಳೆಯಾಗದ ಸೌಲಭ್ಯ ಚೌಕದಲ್ಲಿದ್ದರೆ ಹೊಡೆದುಹಾಕಿ. ನಮ್ಮ ಬಣ್ಣದ ನಕ್ಷೆ ಹೀಗೆಯೇ ಹೋಯಿತು.

ಒಳ್ಳೆಯ ಭರವಸೆ ಹೇಗಿರುತ್ತದೆಂದು ತಿಳಿಯಲು ಬೀದಿಯ ತರಕಾರಿ ಗಾಡಿಯ ಮೇಲಿರುವ ಸೌಂಡ್‌ಬಾಕ್ಸ್ ನೋಡಿ. 2016ರಲ್ಲಿ ಯುಪಿಐ ಬಂದ ಮೇಲೆ ಹಣ ಕಳಿಸುವುದು ಸಲೀಸಾಯಿತು; ಬಂದಿದೆಯೇ ಎಂದು ನೋಡುವುದು ವ್ಯಾಪಾರಿಗೆ ಕಷ್ಟವೇ ಆಗಿ ಉಳಿಯಿತು. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಕೊತ್ತಂಬರಿ ಕಟ್ಟು, ಎದುರಿಗೆ ನಾಲ್ಕು ಜನ ಗಿರಾಕಿಗಳು. ಫೋನ್ ತೆಗೆದು ಸಂದೇಶ ನೋಡುವುದು ಯಾವಾಗ? ಗಿರಾಕಿ ತೋರಿಸಿದ ಪರದೆಯನ್ನು ನಂಬುವುದು ಹೇಗೆ? ಆ ಪೆಟ್ಟಿಗೆ ಕೊಡುವ ಮಾತು ಇಷ್ಟೇ: ಫೋನ್ ಮುಟ್ಟದೆಯೇ ಹಣ ಬಂದದ್ದು ನಿಮ್ಮ ಕಿವಿಗೆ ಬೀಳುತ್ತದೆ, ನಿಮ್ಮ ಭಾಷೆಯಲ್ಲಿ. ತೊಂದರೆಯ ಪ್ರತಿ ತುಂಡಿಗೂ ಭರವಸೆಯಲ್ಲಿ ಒಂದು ತುಂಡು ಕೂಡಿಕೊಂಡಿದೆ.

ನಿಮ್ಮ ವಾಕ್ಯದಲ್ಲಿ ಯಾರಿಗೆ, ಏನು ಸಿಗುತ್ತದೆ, ಈಗ ಅವರು ಮಾಡುತ್ತಿರುವುದಕ್ಕಿಂತ ಅದು ಹೇಗೆ ಮೇಲು ಎಂಬುದು ಬರಬೇಕು. ‘ಈಗ ಮಾಡುತ್ತಿರುವುದು’ ಎಂದರೆ ಎದುರಾಳಿ ಕಂಪನಿಯ ಆ್ಯಪ್ ಎಂದುಕೊಳ್ಳಬೇಡಿ. ನಮಗಿದ್ದ ಎದುರಾಳಿ ಕಾರ್ಯದರ್ಶಿಯ ಬಾಯಿಮಾತು. ಅದು ಪುಕ್ಕಟೆ ಸಿಗುತ್ತದೆ, ಕೇಳಿದೊಡನೆ ಸಿಗುತ್ತದೆ, ಕನ್ನಡದಲ್ಲಿ ಸಿಗುತ್ತದೆ. ಅದನ್ನು ಮೀರಿಸಬೇಕಿತ್ತು. ‘ಸಮಗ್ರ’, ‘ಸ್ಮಾರ್ಟ್’, ‘ಸುಲಭ’ ಮುಂತಾದ ಪದಗಳು ಬಂದರೆ ಅಳಿಸಿ. ಅವು ಯಾವ ವಸ್ತುವಿಗೆ ಬೇಕಾದರೂ ಅಂಟುತ್ತವೆ.

ನಾವು ಬರೆದದ್ದು: ‘ಹಾಲು ಹಾಕಿದ ಕೂಡಲೇ, ಯಾರನ್ನೂ ಕೇಳದೆ, ಇವತ್ತಿನವರೆಗೆ ಸಾಲ ಕಳೆದು ನಿಮ್ಮ ಕೈಗೆ ಎಷ್ಟಾಯಿತು ಎಂಬುದು ತಿಳಿಯುತ್ತದೆ.’ ಬರೆದು ನೋಡಿದರೆ ಇದಕ್ಕೆ ಆ್ಯಪ್ ಬೇಕಾಗಿಯೇ ಇರಲಿಲ್ಲ. ದಿನವೂ ಕೈಗೆ ಬರುವ ಚೀಟಿಯ ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಸಾಕಿತ್ತು. ಪಶು ಆಹಾರದ ಲೆಕ್ಕವನ್ನು ಹಾಲಿನ ಲೆಕ್ಕದ ಜೊತೆ ಜೋಡಿಸುವ ಕೆಲಸ ಮಾತ್ರ ಉಳಿಯಿತು. ನಾಲ್ಕು ತಿಂಗಳ ಶ್ರಮವನ್ನು ಬದಿಗಿಡುವುದು ತಂಡಕ್ಕೆ ನೋವಿನ ಸಂಗತಿಯೇ, ಆದರೆ ವಾಕ್ಯ ಕಣ್ಣೆದುರು ಇದ್ದುದರಿಂದ ವಾದಕ್ಕೆ ಎಡೆಯಿರಲಿಲ್ಲ.

ಆರನೆಯ ಹೆಜ್ಜೆ: ವಾಪಸು ಹೋಗಿ ಓದಿ ಹೇಳಿ

ಏನನ್ನೂ ಕಟ್ಟುವ ಮೊದಲೇ ಭರವಸೆಯನ್ನು ಅದೇ ಜನರ ಮುಂದೆ ಓದಿ. ಹೇಗಿದೆ ಎಂದು ಕೇಳಬೇಡಿ. ‘ಇದನ್ನು ಪಕ್ಕದ ಮನೆಯವರಿಗೆ ನೀವು ಹೇಗೆ ಹೇಳುತ್ತೀರಿ?’ ಎಂದು ಕೇಳಿ. ಅವರು ಬೇರೇನನ್ನೋ ಹೇಳಿದರೆ ನಿಮ್ಮ ವಾಕ್ಯ ತಲುಪಿಲ್ಲ. ಜೊತೆಗೆ, ಗೆದ್ದೆವೆಂದು ತಿಳಿಯುವ ಗುರುತನ್ನು ಆಗಲೇ ನಿಶ್ಚಯಿಸಿಕೊಳ್ಳಿ. ಎಷ್ಟು ಜನ ಆ್ಯಪ್ ಇಳಿಸಿಕೊಂಡರು ಎಂಬುದು ಗುರುತಲ್ಲ. ಬಟವಾಡೆಯ ಹಿಂದಿನ ವಾರ ಕಾರ್ಯದರ್ಶಿಯ ಮೇಜಿನ ಬಳಿ ‘ಎಷ್ಟು ಬರುತ್ತದೆ?’ ಎಂದು ಕೇಳುವವರು ಎಷ್ಟು ಮಂದಿ ಎಂದು ನಾವು ಎಣಿಸಲು ಹೊರಟೆವು.

ಮಾದರಿ ಚೀಟಿಯ ಕೊನೆಯ ಸಾಲಿನಲ್ಲಿ ನಾವು ‘ನಿವ್ವಳ ಪಾವತಿ’ ಎಂದು ಅಚ್ಚು ಹಾಕಿದ್ದೆವು. ಗೋಡೆಯ ಮೇಲೆ ಗೆರೆ ಎಳೆಯುತ್ತಿದ್ದ ಅದೇ ಅಜ್ಜಿ ಮೊಮ್ಮಗಳಿಂದ ಅದನ್ನು ಓದಿಸಿಕೊಂಡು ಕೇಳಿದರು: ‘ನಿವ್ವಳ ಎಂದರೆ ಯಾರಪ್ಪಾ?’ ‘ಸಾಲವೆಲ್ಲ ಕಳೆದು ಉಳಿಯುವುದು, ಅಜ್ಜಿ’ ಎಂದೆ. ‘ಹಾಗಾದರೆ ಕೈಗೆ ಬರುವುದು ಎಂದು ಬರೆಯಿರಿ’ ಎಂದರು. ಅಂದು ಸಂಜೆಯ ಹಾಲಿಗೆ ಕೊಟ್ಟ ಚೀಟಿಗಳಲ್ಲಿ ‘ಕೈಗೆ ಬರುವುದು’ ಎಂದೇ ಇತ್ತು.