ಎರಡು ವಾರ ಕಳೆದರೂ ಬಾಣಂತಿಯ ಅಳು ನಿಲ್ಲದಿದ್ದರೆ

ಬಾಣಂತನ ಅಂದರೆ ನಮ್ಮಲ್ಲಿ ಎಣ್ಣೆ ಸ್ನಾನ, ಕಿವಿಗೆ ಹತ್ತಿ, ಮೆಣಸಿನ ಸಾರು, ಸಾಂಬ್ರಾಣಿ ಹೊಗೆ. ಮೈಗೆ ಇಷ್ಟೆಲ್ಲ ಆರೈಕೆ, ಮನಸ್ಸು ಹೇಗಿದೆ ಅಂತ ಕೇಳುವವರು ಮಾತ್ರ ಕಡಿಮೆ. ಹೆರಿಗೆಯ ನಂತರ ಬರುವ ಖಿನ್ನತೆಯ ಬಗ್ಗೆ ಇದನ್ನು ಬರೆಯುತ್ತಿರುವುದು ಬಾಣಂತಿಯ ಗಂಡ, ಅಮ್ಮ, ಅತ್ತೆಗಾಗಿ. ಯಾಕಂದ್ರೆ ಖಿನ್ನತೆಯಲ್ಲಿರುವವಳಿಗೆ ತಾನೇ ಡಾಕ್ಟರನ್ನು ಹುಡುಕಿಕೊಂಡು ಹೋಗುವಷ್ಟು ತ್ರಾಣ ಇರುವುದಿಲ್ಲ.

ಮೊದಲು ದಿನ ಎಣಿಸಿ. ಹೆರಿಗೆಯಾಗಿ ಮೂರ್ನಾಲ್ಕು ದಿನಕ್ಕೆ ಸುಮ್ಸುಮ್ನೆ ಅಳು ಬರುವುದು, ರೇಗುವುದು ತುಂಬಾ ಜನಕ್ಕೆ ಆಗುತ್ತದೆ, ಎರಡು ವಾರದೊಳಗೆ ತಾನಾಗೇ ಹೋಗುತ್ತದೆ. ಎರಡು ವಾರ ದಾಟಿಯೂ ಮಂಕಾಗಿದ್ದಾಳೆ, ಊಟ ಬೇಡ ಅನ್ನುತ್ತಾಳೆ, 'ನಾನು ಒಳ್ಳೆ ತಾಯಿಯಲ್ಲ' ಅನ್ನುತ್ತಿದ್ದಾಳೆ ಅಂದರೆ ಇನ್ನು ಕಾಯಬೇಡಿ. ರಾತ್ರಿ ಮಗು ಮಲಗಿದ ಮೇಲೂ ಕಣ್ಣು ಬಿಟ್ಟುಕೊಂಡು ಮಲಗಿದ್ದಾಳಾ ನೋಡಿ. ಮಗು ಎಬ್ಬಿಸಿ ನಿದ್ದೆ ಕೆಡುವುದು ಬೇರೆ, ಮಗು ಮಲಗಿದರೂ ನಿದ್ದೆ ಬಾರದಿರುವುದು ಬೇರೆ. ಹೆರಿಗೆಯಾಗಿ ಕೆಲವು ತಿಂಗಳ ನಂತರವೂ ಈ ಖಿನ್ನತೆ ಶುರುವಾಗಬಹುದು.

ನೇರವಾಗಿ ಕೇಳಿ: 'ಸಾಯಬೇಕು ಅನ್ನಿಸುತ್ತಾ?' ಕೇಳಿದರೆ ಆ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅನ್ನುವ ಭಯ ಬೇಡ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ತುರ್ತು, ಹಳಬರು ಬಾಣಂತಿ ಸನ್ನಿ ಅನ್ನುತ್ತಿದ್ದದ್ದು. ಸಾವಿರ ಹೆರಿಗೆಗೆ ಒಂದೋ ಎರಡೋ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ನಿದ್ದೆಯೇ ಇಲ್ಲ, ಇಲ್ಲದ ಧ್ವನಿ ಕೇಳುತ್ತದೆ, ಮನೆಯವರ ಮೇಲೇ ಅನುಮಾನ, ಗೊಂದಲದ ಮಾತು. ಮಂತ್ರ, ತಾಯತ ಅಂತ ಒಂದು ದಿನವೂ ಕಳೆಯಬೇಡಿ. ಆಸ್ಪತ್ರೆ ತಲುಪುವವರೆಗೆ ಮಗುವಿನ ಜೊತೆ ಅವಳನ್ನು ಒಂಟಿಯಾಗಿ ಬಿಡಬೇಡಿ.

ತೋರಿಸುವುದು ಎಲ್ಲಿ? ಹೆರಿಗೆ ಮಾಡಿಸಿದ ಡಾಕ್ಟರಿಂದಲೇ ಶುರು ಮಾಡಬಹುದು. ಹೋದ ವಾರ ಹೇಗಿದ್ದಿರಿ ಅಂತ ಕೇಳುವ ಹತ್ತು ಪ್ರಶ್ನೆಗಳ, ಖಿನ್ನತೆ ಗುರುತಿಸುವ ಎಡಿನ್‌ಬರ್ಗ್ ಪಟ್ಟಿ ಕನ್ನಡದಲ್ಲೂ ಇದೆ, ಕೇಳಿ ನೋಡಿ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಬರುತ್ತಾರೆ, ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಮೊದಲೇ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ವಾರ್ಡೇ ಇದೆ. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಚಿಕಿತ್ಸೆಗೆ ಮುಂಚೆ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಇವು ಏರುಪೇರಾದರೂ ಹೀಗೇ ಸುಸ್ತು, ಬೇಸರ ಇರುತ್ತದೆ. ಖಿನ್ನತೆ ಕಡಿಮೆ ಇದ್ದರೆ ಕೌನ್ಸೆಲಿಂಗ್ ಸಾಕಾಗಬಹುದು. ಜಾಸ್ತಿ ಇದ್ದರೆ ಮಾತ್ರೆ ಬೇಕು. ಆಗ ಮನೆಯಲ್ಲಿ ಮೊದಲು ಏಳುವ ಮಾತು, ಮಾತ್ರೆ ನುಂಗಿದರೆ ಎದೆಹಾಲು ಕೆಡುತ್ತೆ ಅಂತ. ಸರ್ಟ್ರಲಿನ್ ಥರದ ಮಾತ್ರೆ ಹಾಲಿಗೆ ಸೇರುವುದು ತುಂಬಾ ಕಡಿಮೆ, ಹಾಲುಣಿಸುವ ತಾಯಂದಿರಿಗೆ ಡಾಕ್ಟರು ಸಾಮಾನ್ಯವಾಗಿ ಅದನ್ನೇ ಕೊಡುತ್ತಾರೆ. ಗುಣ ಕಾಣಲು ಎರಡರಿಂದ ನಾಲ್ಕು ವಾರವಾದರೂ ಬೇಕು, ಮೊದಲ ವಾರ ಹೊಟ್ಟೆ ತೊಳಸಬಹುದು. ಸರಿಹೋದ ಮೇಲೂ ಸುಮಾರು ಆರು ತಿಂಗಳು ಮುಂದುವರಿಸಬೇಕಾಗುತ್ತದೆ, ನೀವಾಗಿ ನಿಲ್ಲಿಸಬೇಡಿ. ಮುಂಚೆ ಎಂದಾದರೂ ಅತಿಯಾದ ಉತ್ಸಾಹ, ನಿದ್ದೆಯೇ ಬೇಡ ಅನ್ನುವ ದಿನಗಳು ಬಂದಿದ್ದರೆ ತಪ್ಪದೇ ಹೇಳಿ, ಔಷಧಿಯೇ ಬದಲಾಗುತ್ತದೆ.

ಮನೆಯಲ್ಲಿ ಮಾಡಬೇಕಾದ ದೊಡ್ಡ ಕೆಲಸ ಅವಳಿಗೆ ನಿದ್ದೆ ಕೊಡುವುದು. ರಾತ್ರಿಯ ಒಂದು ಸರದಿ ಗಂಡ ವಹಿಸಿಕೊಳ್ಳಲಿ, ಹಿಂಡಿಟ್ಟ ಹಾಲು ಕೊಡಲಿ, ಅವಳಿಗೆ ನಾಲ್ಕೈದು ಗಂಟೆ ಒಂದೇ ಸಮನೆ ಸಿಗಲಿ. 'ಹಾಲು ಸಾಲ್ತಿಲ್ವಾ', 'ಮತ್ತೆ ಹೆಣ್ಣಾ' ಅನ್ನುವ ನೆಂಟರನ್ನು ಹಜಾರದಲ್ಲೇ ಕಾಫಿ ಕೊಟ್ಟು ಕಳಿಸಿ, ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ, ಈಗ ತಗೊಳ್ಳುತ್ತಿರುವ ಮಾತ್ರೆಗಳನ್ನು ಇಟ್ಟುಕೊಳ್ಳಿ. ಡಾಕ್ಟರ ಹತ್ತಿರ ಸ್ವಲ್ಪ ಹೊತ್ತು ಅವಳೊಬ್ಬಳೇ ಮಾತಾಡಲಿ. ಅತ್ತೆ, ಗಂಡ ಎದುರಿಗೆ ಕೂತಿದ್ದರೆ ಎಷ್ಟೋ ಜನ 'ಏನಿಲ್ಲ, ಚೆನ್ನಾಗಿದ್ದೀನಿ' ಅಂತ ಎದ್ದು ಬಂದುಬಿಡುತ್ತಾರೆ.