ಬಿಸಿಲೂರಿನಲ್ಲಿ ಹೊಸ ಬ್ಯಾಟರಿ

ನನ್ನ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಎಷ್ಟು ಒತ್ತಿದರೂ ಒಳಗೆ ಹೋಗುತ್ತಿರಲಿಲ್ಲ. ಧೂಳು ಕೂತಿರಬೇಕೆಂದು ಎರಡು ವಾರ ಹಾಗೆಯೇ ದೂಡಿದೆ. ಮೇ ತಿಂಗಳಲ್ಲಿ ರಿಪೇರಿ ಅಂಗಡಿಯ ಹುಡುಗ ತಳದ ಮುಚ್ಚಳ ಬಿಚ್ಚಿದಾಗ ನಿಜಸಂಗತಿ ಕಾಣಿಸಿತು. ಬ್ಯಾಟರಿಯ ಮೂರು ಕೋಶಗಳಲ್ಲಿ ನಡುವಿನದು ಪೂರಿಯಂತೆ ಉಬ್ಬಿಕೊಂಡು ಟಚ್‌ಪ್ಯಾಡನ್ನು ಕೆಳಗಿನಿಂದ ನೂಕುತ್ತಿತ್ತು. ಕಲಬುರಗಿಯಲ್ಲಿ ಡಿಟಿಪಿ ಮಾಡುವ ನನಗೆ ಲ್ಯಾಪ್‌ಟಾಪ್ ನಿಂತರೆ ಅನ್ನ ನಿಂತಂತೆ. ಆದ್ದರಿಂದ ಹೊಸ ಬ್ಯಾಟರಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಈ ಸಲ ಸರಿಯಾಗಿ ಕಲಿತೆ.

ಕೊಳ್ಳುವಾಗಲೇ ಲೇಬಲ್ ಓದಿ. ನನ್ನದರ ಮೇಲೆ 11.4 ವೋಲ್ಟ್, 3685 ಮಿಲಿ ಆಂಪಿಯರ್ ಅವರ್, 42 ವ್ಯಾಟ್ ಅವರ್ ಎಂದಿದೆ. 3685 ಮಿಲಿ ಎಂದರೆ 3.685, ಅದರಿಂದ 11.4ನ್ನು ಗುಣಿಸಿದರೆ 42 ಬರುತ್ತದೆ. ಹೀಗೆ ಲೆಕ್ಕ ತಾಳೆಯಾಗದ ಲೇಬಲ್ಲನ್ನು ನಾನು ನಂಬುವುದಿಲ್ಲ. ವೋಲ್ಟೇಜ್ ಮತ್ತು ಬ್ಯಾಟರಿಯ ಮಾದರಿ ಸಂಖ್ಯೆ ಹಳೆಯದರೊಂದಿಗೆ ಹೊಂದುತ್ತವೆಯೇ ಎಂದೂ ನೋಡಿಕೊಳ್ಳಿ.

“ಅಕ್ಕಾ, ಮೊದಲು ಎಂಟು ಗಂಟೆ ಚಾರ್ಜಿಗೆ ಹಾಕಿ, ಆಮೇಲೆ ಬಳಸಿ” ಎಂದ ಅಂಗಡಿಯ ಹುಡುಗ. ಪ್ರೀತಿಯಿಂದ ಹೇಳಿದ ಮಾತು, ಆದರೆ ಅದು ನಿಕಲ್ ಬ್ಯಾಟರಿಗಳ ಕಾಲದ್ದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದಲೂ ಅದಕ್ಕೆ ಈ ಶಾಸ್ತ್ರ ಬೇಕಿಲ್ಲ. ತುಂಬಿದೊಡನೆ ಲ್ಯಾಪ್‌ಟಾಪಿನೊಳಗಿನ ಸರ್ಕ್ಯೂಟೇ ಚಾರ್ಜಿಂಗ್ ನಿಲ್ಲಿಸುತ್ತದೆ. ಎಂಟು ಗಂಟೆ ಬಿಟ್ಟರೂ ಹೆಚ್ಚೇನೂ ತುಂಬುವುದಿಲ್ಲ. ಮೊದಲ ದಿನ ಒಂದು ಸಲ ನೂರಕ್ಕೆ ಏರಿಸಿ, ಹತ್ತರ ಹತ್ತಿರ ಇಳಿಸಿ, ಮತ್ತೆ ತುಂಬಿಸಿ. ಇದು ಬ್ಯಾಟರಿಗಾಗಿ ಅಲ್ಲ, ಪರದೆಯ ಮೇಲೆ ಶೇಕಡಾವಾರು ತೋರಿಸುವ ಲೆಕ್ಕ ಸರಿಹೋಗಲಿ ಎಂದು. ಎರಡು ಮೂರು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ದಿನವೂ ಪೂರ್ತಿ ಖಾಲಿ ಮಾಡುವುದು ಮಾತ್ರ ಬೇಡ, ಅದರಿಂದ ಕೋಶಗಳು ಸೊರಗುತ್ತವೆ.

ನನ್ನ ಹಳೆಯ ಬ್ಯಾಟರಿ ಉಬ್ಬಿದ್ದು ಯಾಕೆ? ನಾಲ್ಕು ವರ್ಷ ಅದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಚಾರ್ಜರಿಗೆ ಅಂಟಿಕೊಂಡೇ ಇತ್ತು, ಸದಾ ನೂರರಲ್ಲಿ. ಪೂರ್ತಿ ತುಂಬಿದ ಕೋಶದಲ್ಲಿ ವೋಲ್ಟೇಜ್ ಗರಿಷ್ಠ ಮಟ್ಟದಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಒಳಗಿನ ದ್ರಾವಣ ನಿಧಾನವಾಗಿ ಒಡೆದು ಅನಿಲವಾಗುತ್ತದೆ. ಜೊತೆಗೆ ಬಿಸಿಯೂ ಸೇರಿದರೆ ಈ ಕ್ರಿಯೆ ಚುರುಕಾಗುತ್ತದೆ. ಸಾಮಾನ್ಯವಾಗಿ ಈ ಕೋಶಗಳನ್ನು 45 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ನಮ್ಮೂರಿನ ಮೇ ತಿಂಗಳಲ್ಲಿ ಹೊರಗಿನ ನೆರಳೇ 42 ಮುಟ್ಟುತ್ತದೆ, ಅದರಲ್ಲಿ ನಾನು ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಗಾಳಿಯ ಕಿಂಡಿಗಳನ್ನು ದುಪ್ಪಟಿಯಿಂದ ಮುಚ್ಚಿ, ಮದುವೆ ಪತ್ರಿಕೆಗಳ ಕೆಲಸ ಮಾಡುತ್ತಿದ್ದೆ.

ಈಗ ಲ್ಯಾಪ್‌ಟಾಪ್ ಮರದ ಹಲಗೆಯ ಮೇಲಿದೆ, ಹಿಂಬದಿಗೆ ಎರಡು ಬೆರಳೆತ್ತರದ ಆಸರೆ ಕೊಟ್ಟಿದ್ದೇನೆ. ದೊಡ್ಡ ಫೈಲುಗಳ ಕೆಲಸವನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸುತ್ತೇನೆ. ಮಧ್ಯಾಹ್ನ ತಳ ಮುಟ್ಟಿ ನೋಡಿ, ಅಂಗೈ ಇಡಲಾಗದಷ್ಟು ಕಾದಿದ್ದರೆ ಚಾರ್ಜರಿನ ಪಿನ್ ತೆಗೆದು, ಆರುವವರೆಗೂ ಕಾಯುತ್ತೇನೆ. ಪಾರ್ಸೆಲ್ ಕೊಡಲು ಹೋಗುವಾಗ ಲ್ಯಾಪ್‌ಟಾಪನ್ನು ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟು ಬರುವುದಿಲ್ಲ.

ನನ್ನಂತೆ ಸದಾ ಮೇಜಿನ ಮೇಲೆ ಚಾರ್ಜರ್ ಹಾಕಿಯೇ ದುಡಿಯುವವರು ಮಾಡಲೇಬೇಕಾದ ಕೆಲಸ ಇನ್ನೊಂದಿದೆ. ಲೆನೊವೊ, ಏಸಸ್, ಡೆಲ್‌ನಂಥ ಕಂಪನಿಗಳ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜಿಂಗನ್ನು ಶೇಕಡಾ 80ರ ಸುಮಾರಿಗೆ ನಿಲ್ಲಿಸುವ ಸೌಲಭ್ಯ ಅವರದೇ ತಂತ್ರಾಂಶದಲ್ಲಿ ಅಥವಾ ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಹಚ್ಚಿದೊಡನೆ ಮೊದಲು ಓಡುವ ಮೂಲ ತಂತ್ರಾಂಶ) ಇರುತ್ತದೆ. ಅದನ್ನು ಇಂದೇ ಹುಡುಕಿ ಚಾಲೂ ಮಾಡಿ. ಕರೆಂಟು ಹೋಗುವ ದಿನ ಮಾತ್ರ ನೂರಕ್ಕೆ ಏರಿಸಿಕೊಂಡರಾಯಿತು. ಊರಿಗೆ ಹೋಗಿ ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ತುಂಬಿಸಿ, ಆರಿಸಿ, ಮನೆಯ ತಂಪಾದ ಮೂಲೆಯಲ್ಲಿಡಿ.

ವಿಂಡೋಸ್ ಬಳಸುವವರು ಬ್ಯಾಟರಿಯ ಆರೋಗ್ಯವನ್ನು ತಾವೇ ಅಳೆಯಬಹುದು. ಕಮಾಂಡ್ ಪ್ರಾಂಪ್ಟಿನಲ್ಲಿ (ಆದೇಶ ಬರೆಯುವ ಕಪ್ಪು ಕಿಟಕಿ) powercfg /batteryreport ಎಂದು ಬರೆದು ಎಂಟರ್ ಒತ್ತಿ. ಸಿದ್ಧವಾಗುವ ವರದಿಯಲ್ಲಿ ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಎಂಬ ಎರಡು ಸಂಖ್ಯೆಗಳಿರುತ್ತವೆ. ಎರಡನೆಯದು ಮೊದಲನೆಯದಕ್ಕಿಂತ ಎಷ್ಟು ಇಳಿದಿದೆಯೋ ಬ್ಯಾಟರಿ ಅಷ್ಟು ಸವೆದಿದೆ. ಹೊಸದು ಹಾಕಿಸಿದ ದಿನವೇ ಈ ವರದಿ ತೆಗೆದಿಟ್ಟಿದ್ದೇನೆ. ನೀವೂ ತೆಗೆದಿಡಿ, ಅಂಗಡಿಯವರು ಹಾಕಿದ್ದು ಬಳಸಿದ ಮಾಲೇ ಎಂಬುದು ಅಂದೇ ಗೊತ್ತಾಗಬಹುದು.

ಉಬ್ಬಿದ ಬ್ಯಾಟರಿ ಕಂಡರೆ ಮಾತ್ರ ಒಂದು ಗಳಿಗೆಯೂ ತಡಮಾಡಬೇಡಿ. ಚಾರ್ಜರ್ ತೆಗೆದು, ಲ್ಯಾಪ್‌ಟಾಪ್ ಆರಿಸಿ, ಅಂಗಡಿಗೆ ಒಯ್ಯಿರಿ. ಒತ್ತಿ ಸಮ ಮಾಡಲು ಹೋಗಬೇಡಿ, ಸೂಜಿ ತಾಗಿಸಬೇಡಿ, ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಕಸದ ಗಾಡಿಗಂತೂ ಹಾಕಲೇಬೇಡಿ, ಕಸವನ್ನು ಕೈಯಿಂದ ವಿಂಗಡಿಸುವ ಹೆಣ್ಣುಮಕ್ಕಳ ಮುಖ ನೆನಪಿಸಿಕೊಳ್ಳಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ಹಳೆಯ ಬ್ಯಾಟರಿಗಳ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನನ್ನದರ ಕನೆಕ್ಟರಿಗೆ ಟೇಪು ಸುತ್ತಿ, ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೇ ಕೊಟ್ಟು ಬಂದೆ.